ಒಂದೇ ಮನೆ, ಐದು ಊಟದ ಹೊತ್ತು: ಒಂದು ಪ್ರಕರಣ ಅಧ್ಯಯನ

ಈ ತಾಯಿ ಕೌನ್ಸೆಲಿಂಗ್‌ಗೆ ಅಂತ ನನ್ನ ಹತ್ತಿರ ಬಂದದ್ದು ಮಗಳ ವಿಷಯಕ್ಕೆ. 14 ವರ್ಷದ ಹುಡುಗಿ. ಕೆಲವು ತಿಂಗಳಿಂದ ಮಾತು ಕಮ್ಮಿ, ಮಾತಾಡಿಸಿದರೆ ಸಿಡುಕು, ಹಸಿವಿಲ್ಲ ಅಂತ ಊಟ ಬಿಡುವುದು ಬೇರೆ. ತಂದೆ ಕಾರಣವನ್ನು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದರು: ಮೊಬೈಲು. ಮನೆಯಲ್ಲಿ ಇವರಲ್ಲದೆ 7 ವರ್ಷದ ಮಗ ಮತ್ತು 70 ದಾಟಿದ ಅಜ್ಜಿ, ಅಂದರೆ ತಂದೆಯ ತಾಯಿ. ಗಂಡ ಹೆಂಡತಿ ಇಬ್ಬರೂ ದುಡಿಯುವವರು. ತಾಯಿಯದು ಪಾಳಿ ಕೆಲಸ, ತಂದೆ ಮನೆ ಸೇರುವುದು ತಡ. ಗುರುತು ಸಿಗಬಾರದೆಂದು ಸಣ್ಣಪುಟ್ಟ ವಿವರ ಬದಲಿಸಿದ್ದೇನೆ.

ಕೌನ್ಸೆಲಿಂಗ್‌ಗೆ ಬಂದ ಮನೆಯವರಿಗೆಲ್ಲ ನಾನು ಕೇಳುವ ಒಂದು ಪ್ರಶ್ನೆ ಇದೆ. ನಿನ್ನೆ ಯಾರು, ಎಲ್ಲಿ ಕೂತು, ಎಷ್ಟು ಹೊತ್ತಿಗೆ, ಯಾರ ಜೊತೆ ಊಟ ಮಾಡಿದರು? ಸಮಸ್ಯೆ ಏನು ಅಂತ ಕೇಳಿದರೆ ಎಲ್ಲರೂ ತಮ್ಮ ತಮ್ಮ ವಾದ ಹೇಳುತ್ತಾರೆ. ಊಟದ ಬಗ್ಗೆ ಕೇಳಿದರೆ ನಡೆದದ್ದನ್ನು ಹೇಳುತ್ತಾರೆ. ಈ ತಾಯಿಗೂ ಒಂದು ಹಾಳೆ ಕೊಟ್ಟೆ, ಒಂದು ವಾರ ಬರೆದು ತನ್ನಿ ಅಂದೆ.

ಹಾಳೆ ತುಂಬಿ ಬಂತು. ಅಜ್ಜಿ ಸಂಜೆ ಏಳಕ್ಕೆ ಒಬ್ಬರೇ ಕೂತು ಬೇಗ ಬೇಗ ಉಂಡು ಏಳುತ್ತಾರೆ. ಮಗ ಎಂಟಕ್ಕೆ, ಸೋಫಾ ಮೇಲೆ, ಕಾರ್ಟೂನ್ ನೋಡುತ್ತಾ. ಅಮ್ಮ ತುತ್ತು ಮಾಡಿ ಬಾಯಿಗೆ ಇಡಬೇಕು. ಮಗಳು ತಟ್ಟೆ ಹಿಡಿದುಕೊಂಡು ತನ್ನ ಕೋಣೆಗೆ ಹೋಗುತ್ತಾಳೆ. ಆ ತಟ್ಟೆಯಲ್ಲಿ ಎಷ್ಟು ಹೊಟ್ಟೆಗೆ ಹೋಯಿತು, ಎಷ್ಟು ಕಸದ ಡಬ್ಬಿಗೆ ಹೋಯಿತು ಅನ್ನುವುದು ಯಾರಿಗೂ ಗೊತ್ತಿಲ್ಲ. ತಂದೆ ಹತ್ತಕ್ಕೆ, ಎಡಗೈಯಲ್ಲಿ ಫೋನು. ಕೊನೆಗೆ ತಾಯಿ, ಅಡುಗೆಮನೆಯ ಕಟ್ಟೆಗೆ ಒರಗಿ ನಿಂತುಕೊಂಡು, ಪಾತ್ರೆಯಲ್ಲಿ ಉಳಿದದ್ದು. ಒಂದೇ ಅಡುಗೆಯನ್ನು ನಾಲ್ಕು ಸಲ ಬಿಸಿ ಮಾಡುತ್ತಿದ್ದರು. ಊಟದ ಮೇಜು ಇತ್ತು, ಇಲ್ಲ ಅಂತಲ್ಲ. ಅದರ ಮೇಲೆ ಮಡಚಿದ ಬಟ್ಟೆ, ಶಾಲೆಯ ಬ್ಯಾಗು, ಚಾರ್ಜರು, ತಿಂಗಳುಗಟ್ಟಲೆ ಹಳೆಯ ಕಾಗದ ಪತ್ರ.

ಬರೆದು ಮುಗಿಸಿದ ಮೇಲೆ ತಾಯಿಯೇ ಹೇಳಿದರು: "ನಮ್ಮತ್ತೆ ಒಬ್ಬರೇ ಊಟ ಮಾಡ್ತಾರೆ ಅಂತ ನನಗೆ ಗೊತ್ತಿತ್ತು ಮೇಡಂ. ಆದ್ರೆ ಏಳು ದಿನ ಏಳು ಸಲ ಬರೆದಾಗ ಬೇರೆ ಥರ ಕಾಣ್ತು."

ಮೊದಲು ವೈದ್ಯರು

ಊಟದ ಮೇಜಿನ ಮಾತಿಗೆ ಹೋಗುವ ಮುಂಚೆ ಒಂದು ಕೆಲಸ ಆಗಬೇಕಿತ್ತು. ಹರೆಯದ ಹುಡುಗಿ ಊಟ ಬಿಡುತ್ತಿದ್ದಾಳೆ ಅಂದರೆ ಅದನ್ನು ಮುನಿಸು ಅಂತ ತಳ್ಳಿಹಾಕುವ ಹಾಗಿಲ್ಲ. ತೂಕ, ತಲೆಸುತ್ತು, ಮುಟ್ಟಿನ ಕ್ರಮ, ರಕ್ತ, ಎಲ್ಲ ನೋಡಿಸಬೇಕು. ನೋಡಿಸಿದರು. ತೂಕ ಸ್ವಲ್ಪ ಇಳಿದಿತ್ತು, ತಿನ್ನುವುದಕ್ಕೆ ಸಂಬಂಧಿಸಿದ ಕಾಯಿಲೆಯ ಲಕ್ಷಣ ಕಾಣಲಿಲ್ಲ. ತಿಂಗಳಿಗೊಮ್ಮೆ ಬಂದು ತೋರಿಸಿ ಅಂದರು.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ದಪ್ಪ ಆಗುವ ಭಯಕ್ಕೆ ಊಟವನ್ನೇ ಬಿಡುವ ಅನೊರೆಕ್ಸಿಯಾದಂಥ ಕಾಯಿಲೆ ಇದ್ದರೆ ಮನೆಯ ಊಟದ ಪಾತ್ರವೇ ಬೇರೆ ಆಗುತ್ತದೆ. ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ರೂಪುಗೊಂಡ ಕುಟುಂಬ ಆಧಾರಿತ ಚಿಕಿತ್ಸೆಯಲ್ಲಿ, ಮಗು ಎಷ್ಟು ತಿನ್ನಬೇಕು ಅನ್ನುವುದನ್ನು ಮೊದಮೊದಲು ಅಪ್ಪ ಅಮ್ಮನೇ ತೀರ್ಮಾನಿಸುತ್ತಾರೆ, ತಜ್ಞರ ಕಣ್ಗಾವಲಿನಲ್ಲಿ. ನಾವು ಈ ಮನೆಯಲ್ಲಿ ಮಾಡಿದ್ದು ಹೆಚ್ಚುಕಮ್ಮಿ ಅದಕ್ಕೆ ಉಲ್ಟಾ. ಯಾವ ಮಗುವಿಗೆ ಯಾವುದು ಅಂತ ತಪಾಸಣೆ ಆಗದೆ ಹೇಳಲು ಬರುವುದಿಲ್ಲ.

ಅವರೇ ಮಾಡಿ ಬಿಟ್ಟಿದ್ದ ಪ್ರಯತ್ನ

ಒಟ್ಟಿಗೆ ಊಟ ಮಾಡಿ ಅಂತ ನಾನು ಹೇಳಿಕೊಡಬೇಕಾದ್ದು ಏನೂ ಇರಲಿಲ್ಲ. ಅದನ್ನು ಅವರು ಆಗಲೇ ಮಾಡಿ ನೋಡಿದ್ದರು. ದಿನಾ ರಾತ್ರಿ ಎಂಟೂವರೆಗೆ ಎಲ್ಲರೂ ಮೇಜಿಗೆ ಬರಬೇಕು ಅಂತ ತಂದೆ ಕಟ್ಟಪ್ಪಣೆ ಮಾಡಿದ್ದರು. ಎರಡು ವಾರ ತುಂಬುವುದರೊಳಗೆ ಬಿದ್ದುಹೋಯಿತು. ಯಾಕೆ ಬಿದ್ದುಹೋಯಿತು ಅನ್ನುವುದೇ ಈ ಪ್ರಕರಣದ ಮುಖ್ಯ ಭಾಗ ಅಂತ ನನಗನಿಸುತ್ತದೆ.

ಆ ಎರಡು ವಾರದ ಒಂದು ರಾತ್ರಿಯನ್ನು ವಿವರವಾಗಿ ಹೇಳಿ ಅಂದೆ. ತಂದೆ ಕೂತ ತಕ್ಷಣ ಮಗಳಿಗೆ, "ಟೆಸ್ಟ್ ಏನಾಯ್ತು?" ತಾಯಿ ಮಗನಿಗೆ, "ಇನ್ನು ನಾಲ್ಕೇ ತುತ್ತು ಕಣೋ, ಬೇಗ." ಅಜ್ಜಿ ಮೊಮ್ಮಗಳ ತಟ್ಟೆ ನೋಡಿ, "ಇಷ್ಟೇನಾ? ನೋಡು, ಕಡ್ಡಿ ಹಾಗಾಗಿದ್ದೀಯ." ನಂತರ ತಂದೆ ತಾಯಿಗೆ, ಯಾವುದೋ ಕಟ್ಟಬೇಕಾದ ದುಡ್ಡಿನ ವಿಷಯ. ನಡುವೆ ತಂದೆಯ ಫೋನು ಎರಡು ಸಲ ರಿಂಗಾಯಿತು, ಎರಡು ಸಲವೂ ಎದ್ದು ಹೋದರು. ಮಗಳು ಐದಾರು ನಿಮಿಷದಲ್ಲಿ ಕೈ ತೊಳೆದಿದ್ದಳು.

ಹುಡುಗಿಯ ಜೊತೆ ಬೇರೆಯಾಗಿ ಮಾತಾಡಿದಾಗ ಅವಳು ಹೇಳಿದ್ದು: "ನಾನು ಅಲ್ಲಿ ಕೈಗೆ ಸಿಗ್ತೀನಲ್ವಾ, ಅದಕ್ಕೆ ಎಲ್ಲಾನೂ ಅಲ್ಲೇ ಕೇಳ್ತಾರೆ. ಕೋಣೇಲಿದ್ರೆ ಯಾರೂ ಬಂದು ಕೇಳಲ್ಲ."

ಯಾರ ಮೇಲೂ ತಪ್ಪು ಹೊರಿಸುವುದಕ್ಕೆ ಇದನ್ನು ಬರೆಯುತ್ತಿಲ್ಲ. ಇಡೀ ದಿನ ಮಕ್ಕಳ ಮುಖ ಕಾಣದ ಅಪ್ಪ ಅಮ್ಮನಿಗೆ ಸಿಗುವುದು ಆ ಒಂದು ಗಳಿಗೆ. ಕೇಳಬೇಕಾದ್ದೆಲ್ಲ ಅಲ್ಲೇ ಬಂದು ಬೀಳುತ್ತದೆ. ಅಕ್ಕರೆಯೇ ವಿಚಾರಣೆಯ ವೇಷ ಹಾಕಿಕೊಂಡು ಬರುತ್ತದೆ. ಆದರೆ ತಟ್ಟೆ ಮುಂದಿಟ್ಟುಕೊಂಡು ಕೂತ ಮಗುವಿಗೆ ಅದು ವಿಚಾರಣೆಯಾಗಿಯೇ ಕೇಳಿಸುತ್ತದೆ.

ಸಂಶೋಧನೆ ಹೇಳುವುದೇನು

ತಂದೆ ಅಂಕಿ ಅಂಶ ನಂಬುವ ಮನುಷ್ಯ. "ಒಟ್ಟಿಗೆ ಊಟ ಮಾಡಿದ್ರೆ ಮಕ್ಕಳು ಉದ್ಧಾರ ಆಗ್ತಾರೆ ಅಂತ ಎಲ್ಲಾ ಕಡೆ ಓದಿದ್ದೀನಿ. ನಮ್ಮನೇಲಿ ಯಾಕಾಗಲಿಲ್ಲ?" ಅಂತ ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ.

2011ರಲ್ಲಿ ಅಮೆರಿಕದ ಸಂಶೋಧಕಿಯರಾದ ಆಂಬರ್ ಹ್ಯಾಮನ್ಸ್ ಮತ್ತು ಬಾರ್ಬರಾ ಫೀಸ್ 17 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದರು. 1,80,000ಕ್ಕೂ ಹೆಚ್ಚು ಮಕ್ಕಳ, ಹರೆಯದವರ ಮಾಹಿತಿ ಅದು. ವಾರಕ್ಕೆ ಮೂರು ಅಥವಾ ಅದಕ್ಕಿಂತ ಜಾಸ್ತಿ ಸಲ ಮನೆಯವರ ಜೊತೆ ಉಣ್ಣುವ ಮಕ್ಕಳಲ್ಲಿ ಅತಿತೂಕದ ಸಾಧ್ಯತೆ ಶೇ. 12ರಷ್ಟು ಕಮ್ಮಿ. ಹಾಳುಮೂಳು ತಿನ್ನುವುದು ಶೇ. 20ರಷ್ಟು ಕಮ್ಮಿ. ಊಟ ಬಿಡುವುದು, ವಾಂತಿ ಮಾಡಿಕೊಳ್ಳುವುದು, ಇಂಥ ಅಪಾಯದ ಅಭ್ಯಾಸಗಳು ಶೇ. 35ರಷ್ಟು ಕಮ್ಮಿ. ಇದರಲ್ಲಿ ನನಗೆ ಮುಖ್ಯ ಅನಿಸುವುದು "ಮೂರು" ಅನ್ನುವ ಸಂಖ್ಯೆ. ಏಳಲ್ಲ, ಮೂರು.

ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದ ಹಾಗೆ. ಒಟ್ಟಿಗೆ ಕೂತು ಉಣ್ಣುವ ಮನೆಗಳಲ್ಲಿ ಬೇರೆ ಅನುಕೂಲಗಳೂ ಇರುತ್ತವೆ ಅಲ್ವಾ? ಸಮಯ, ಹಣ, ಹೊಂದಾಣಿಕೆ. 2012ರಲ್ಲಿ ಸಮಾಜಶಾಸ್ತ್ರಜ್ಞೆಯರಾದ ಕೆಲ್ಲಿ ಮ್ಯೂಸಿಕ್ ಮತ್ತು ಆನ್ ಮೇಯರ್ ಅಮೆರಿಕದ ಹರೆಯದವರ ದೊಡ್ಡ ಸಮೀಕ್ಷೆಯೊಂದನ್ನು ಹೀಗೇ ಸೋಸಿ ನೋಡಿದರು. ಮನೆಯ ಸ್ಥಿತಿಗತಿ, ಸಂಬಂಧಗಳ ಗುಣ ಇವನ್ನು ಲೆಕ್ಕಕ್ಕೆ ತಗೊಂಡ ಮೇಲೆ ಊಟದ ಪಾಲಿನ ಲಾಭ ಸಾಕಷ್ಟು ಇಳಿಯಿತು. ಅಷ್ಟೇ ಅಲ್ಲ. ಎರಡು ವರ್ಷದ ನಂತರ ಅವರೇ ಇನ್ನೊಂದು ಮಾತು ಸೇರಿಸಿದರು: ಅಪ್ಪ ಅಮ್ಮ ಮತ್ತು ಮಕ್ಕಳ ಸಂಬಂಧ ಗಟ್ಟಿಯಾಗಿಲ್ಲದ ಕಡೆ ಒಟ್ಟಿಗೆ ಊಟ ಮಾಡಿದರೂ ಮಕ್ಕಳಿಗೆ ಅಂಥ ಪ್ರಯೋಜನ ಕಾಣುವುದಿಲ್ಲ.

ಈ ಮನೆಯ ಎಂಟೂವರೆಯ ಊಟ ಸೋತದ್ದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನನ್ನ ಹತ್ತಿರ ಇಲ್ಲ. ಮೇಜಿಗೆ ತಾನಾಗಿ ಯಾವ ಶಕ್ತಿಯೂ ಇಲ್ಲ. ದಿನವೂ ಅಲ್ಲಿ ಏನು ನಡೆಯುತ್ತದೋ ಅದನ್ನು ಅದು ಹೆಚ್ಚಿಸುತ್ತದೆ. ಜಗಳ ಇದ್ದರೆ ಜಗಳ, ಸಲಿಗೆ ಇದ್ದರೆ ಸಲಿಗೆ.

ನಾವು ಮಾಡಿದ್ದು

ಮೊದಲು ದಿನಾ ಅನ್ನುವುದನ್ನು ಬಿಡಿಸಿದೆ. ವಾರಕ್ಕೆ ಮೂರು ಊಟ ಸಾಕು. ಅದೂ ರಾತ್ರಿಯೇ ಆಗಬೇಕು ಅಂತೇನಿಲ್ಲ. ತಾಯಿಯ ಪಾಳಿ ಪಟ್ಟಿ ಮುಂದಿಟ್ಟುಕೊಂಡು ನೋಡಿದಾಗ ಎರಡು ಬೆಳಗಿನ ತಿಂಡಿ, ಭಾನುವಾರದ ಮಧ್ಯಾಹ್ನದ ಊಟ ಹೊಂದಿಕೆಯಾಯಿತು. ಒಂದೊಂದೂ ಇಪ್ಪತ್ತು ನಿಮಿಷ. ಮನೆಮಂದಿಯ ಊಟವನ್ನು ವರ್ಷಗಟ್ಟಲೆ ವಿಡಿಯೊ ಮಾಡಿ ಅಧ್ಯಯನ ಮಾಡಿದ ಬಾರ್ಬರಾ ಫೀಸ್ ಅವರು ಕಂಡ ಊಟಗಳೂ ಸುಮಾರು ಅಷ್ಟೇ ಹೊತ್ತಿನವು. ಗಂಟೆಗಟ್ಟಲೆ ಕೂರಬೇಕು ಅನ್ನುವ ಕಲ್ಪನೆಯಿಂದಲೇ ಎಷ್ಟೋ ಮನೆಗಳು ಶುರುವನ್ನೇ ಮಾಡುವುದಿಲ್ಲ.

ಎರಡನೆಯದು ಮಾತಿನ ಕಟ್ಟು. ಅಂಕ, ತೂಕ, ಯಾರ ತಟ್ಟೆಯಲ್ಲಿ ಎಷ್ಟಿದೆ, ಈ ಮೂರು ಮೇಜಿನ ಮೇಲೆ ಬರಬಾರದು. ಇದಕ್ಕೆ ತಂದೆ ಒಪ್ಪಲಿಲ್ಲ. "ಹಾಗಾದ್ರೆ ಓದಿನ ವಿಷಯ ಕೇಳೋದು ಯಾವಾಗ?" ಅಂದರು. ಅದಕ್ಕೆ ಬೇರೆ ಹೊತ್ತು ಗೊತ್ತು ಮಾಡಿದೆವು: ಶನಿವಾರ ಸಂಜೆ ಅಪ್ಪ ಮಗಳು ಇಬ್ಬರೇ, ಪುಸ್ತಕದ ಜೊತೆ, ಹದಿನೈದು ನಿಮಿಷ. ಇದು ಸಣ್ಣ ಏರ್ಪಾಡು ಅನಿಸಬಹುದು. ಆದರೆ ಇದಿಲ್ಲದೆ ಉಳಿದದ್ದು ನಿಲ್ಲುತ್ತಿರಲಿಲ್ಲ. ಕಾಳಜಿಗೆ ಹೋಗಲು ಬೇರೆ ಜಾಗ ಕೊಡದೆ ಸುಮ್ನೆ ಬಾಯಿ ಮುಚ್ಚಿ ಅಂದರೆ ಅದು ಮತ್ತೆ ಊಟಕ್ಕೇ ಬಂದು ಕೂರುತ್ತದೆ.

ಫೋನು ಎಲ್ಲರದ್ದೂ ಮಲಗುವ ಕೋಣೆಯಲ್ಲಿ. ಎಲ್ಲರದ್ದೂ ಅಂದರೆ ಅಪ್ಪನದ್ದೂ. ಮಕ್ಕಳ ವೈದ್ಯೆ ಜೆನ್ನಿ ರಾಡೆಸ್ಕಿ ಮತ್ತು ಜೊತೆಗಾರರು ಬಾಸ್ಟನ್ನಿನ ಫಾಸ್ಟ್‌ಫುಡ್ ಹೋಟೆಲುಗಳಲ್ಲಿ ಮಕ್ಕಳ ಜೊತೆ ಕೂತ 55 ದೊಡ್ಡವರನ್ನು ದೂರದಿಂದ ಗಮನಿಸಿ 2014ರಲ್ಲಿ ವರದಿ ಬರೆದರು. ಅವರಲ್ಲಿ 40 ಮಂದಿ ಊಟದ ನಡುವೆ ಫೋನು ಬಳಸಿದ್ದರು. ಈ ಅಂಕಿ ಕೇಳಿ ಮಗಳು ಅಪ್ಪನ ಮುಖ ನೋಡಿದಳು. ಅಪ್ಪ ತಲೆಯಾಡಿಸಿದರು. ಮಕ್ಕಳ ಫೋನಿನ ಬಗ್ಗೆ ಎಷ್ಟು ಬೇಕಾದರೂ ಮಾತಾಡುತ್ತೇವೆ, ನಮ್ಮದರ ಬಗ್ಗೆ ಮಾತಾಡುವುದು ಕಮ್ಮಿ.

ಮಗನಿಗೆ ಎಲಿನ್ ಸ್ಯಾಟರ್ ಅವರ ಕ್ರಮ ಹಿಡಿದೆವು. ಆಹಾರ ತಜ್ಞೆಯೂ ಕುಟುಂಬ ಚಿಕಿತ್ಸಕಿಯೂ ಆದ ಅವರು ಹೇಳಿದ್ದು ಸರಳ: ಏನು, ಯಾವಾಗ, ಎಲ್ಲಿ ಅನ್ನುವುದು ದೊಡ್ಡವರ ಜವಾಬ್ದಾರಿ. ತಿನ್ನಬೇಕೋ ಬೇಡವೋ, ಎಷ್ಟು ತಿನ್ನಬೇಕು ಅನ್ನುವುದು ಮಗುವಿನದು. ತಾಯಿಗೆ ಇದು ಕೇಳಿದ ಕೂಡಲೇ ಎದೆ ಧಸಕ್ ಅಂದಿತು. "ಅವನಿಗೇ ಬಿಟ್ರೆ ಅವನು ಏನೂ ತಿನ್ನಲ್ಲ." ಅವನಿಗೆ ಗೊತ್ತಿರುವ, ಇಷ್ಟದ ಒಂದು ಪದಾರ್ಥ ಪ್ರತಿ ಊಟದಲ್ಲೂ ಮೇಜಿನ ಮೇಲೆ ಇರಲಿ, ಉಳಿದದ್ದು ಸುಮ್ನೆ ಮುಂದೆ ಇರಲಿ ಅಂದೆ.

ನಡೆದದ್ದು

ಮೇಜು ಖಾಲಿ ಮಾಡುವುದಕ್ಕೇ ಒಂದು ಭಾನುವಾರ ಹೋಯಿತಂತೆ. ಮೊದಲ ಊಟಗಳು ಚೆನ್ನಾಗಿರಲಿಲ್ಲ. ಅಂಕ ಕೇಳಬಾರದು ಅಂದ ಮೇಲೆ ಏನು ಮಾತಾಡಬೇಕು ಅಂತಲೇ ಯಾರಿಗೂ ತೋಚಲಿಲ್ಲ. ಚಮಚದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ತಂದೆ ಎರಡು ಸಲ ಬಾಯಿ ತೆರೆದು ಮುಚ್ಚಿದ್ದನ್ನು ಮಗಳು ನಕ್ಕು ಹೇಳಿದಳು. ಆ ಮೌನಕ್ಕೆ ಹೆದರಿ ನಿಲ್ಲಿಸಬೇಡಿ ಅಂತ ಮೊದಲೇ ಹೇಳಿದ್ದೆ.

ಮಗನ ತರಕಾರಿಯ ಕಥೆಯನ್ನು ತಾಯಿ ಬಂದಾಗಲೆಲ್ಲ ಹೇಳುತ್ತಿದ್ದರು. ಹಸಿರಾಗಿ ಕಂಡದ್ದನ್ನೆಲ್ಲ ಅವನು ದೂರ ತಳ್ಳುವವನು. ಬಟ್ಟಲು ನಡುವೆ ಇತ್ತು, ಎಲ್ಲರೂ ಹಾಕಿಕೊಳ್ಳುತ್ತಿದ್ದರು, ಅವನಿಗೆ ಯಾರೂ ಬಡಿಸಲಿಲ್ಲ. ಕೆಲವು ಊಟ ಹಾಗೇ ಹೋದವು. ಒಂದು ದಿನ ಒಂದು ತುಂಡು ಎತ್ತಿ ಮೂಸಿದ. ವಾಪಸ್ ಇಟ್ಟ. ಇನ್ನೊಂದು ದಿನ ತುಟಿಗೆ ತಾಗಿಸಿ ಮುಖ ಹಿಂಡಿದ. ತಾಯಿ ಏನೂ ಹೇಳದೆ ಮೇಜಿನ ಕೆಳಗೆ ತನ್ನ ಕೈಯನ್ನೇ ಬಿಗಿ ಹಿಡಿದುಕೊಂಡಿದ್ದರಂತೆ. ಹೊಸ ರುಚಿ ಒಗ್ಗಲು ಚಿಕ್ಕ ಮಕ್ಕಳಿಗೆ ಎಂಟು, ಹತ್ತು, ಕೆಲವೊಮ್ಮೆ ಹದಿನೈದು ಸಲ ಅದು ಕಣ್ಣಿಗೆ, ಬಾಯಿಗೆ ಬೀಳಬೇಕಾಗುತ್ತದೆ. ಬಹಳಷ್ಟು ಮನೆಗಳು ಮೂರು ನಾಲ್ಕು ಸಲಕ್ಕೇ "ನಮ್ಮ ಮಗು ಇದನ್ನ ತಿನ್ನಲ್ಲ" ಅಂತ ತೀರ್ಪು ಕೊಟ್ಟುಬಿಡುತ್ತವೆ. ಎರಡು ತಿಂಗಳು ಕಳೆದ ಮೇಲೆ ಒಂದು ಬೆಳಗ್ಗೆ ಅಕ್ಕನ ತಟ್ಟೆಯಿಂದ ಎತ್ತಿಕೊಂಡು ತಿಂದ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅದು ಮುಖ್ಯ.

ಅಜ್ಜಿಯಲ್ಲಿ ಆದ ಬದಲಾವಣೆಯನ್ನು ಯಾರೂ ಎಣಿಸಿರಲಿಲ್ಲ. ಜನ ಒಬ್ಬರೇ ಇದ್ದಾಗಿನದಕ್ಕಿಂತ ಜೊತೆಗೆ ಕೂತಾಗ ಜಾಸ್ತಿ ತಿನ್ನುತ್ತಾರೆ ಅಂತ ಮನಶ್ಶಾಸ್ತ್ರಜ್ಞ ಜಾನ್ ಡಿ ಕ್ಯಾಸ್ಟ್ರೊ 1980ರ ದಶಕದಿಂದಲೇ ದಿನಚರಿ ಬರೆಸಿ ತೋರಿಸಿದ್ದಾರೆ. ತೂಕ ಇಳಿಸಬೇಕಾದವರಿಗೆ ಇದು ಎಚ್ಚರಿಕೆಯ ಮಾತು. ವಯಸ್ಸಾಗಿ ಹಸಿವು ಕುಗ್ಗಿದವರಿಗೆ ಇದೇ ಔಷಧಿ. ಅಜ್ಜಿ ಎರಡನೆಯ ಸಲ ಹಾಕಿಸಿಕೊಳ್ಳತೊಡಗಿದರು. ಮುಂದಿನ ತಪಾಸಣೆಯಲ್ಲಿ ತೂಕ ಏರಿತ್ತು. ಅವರ ಔಷಧಿ ಏನೂ ಬದಲಾಗಿರಲಿಲ್ಲ.

ಮೌನ ಮುರಿದವರೂ ಅಜ್ಜಿಯೇ. ಒಂದು ಭಾನುವಾರ ಯಾವುದೋ ಮಾತಿಗೆ, "ನಿಮ್ಮಪ್ಪ ಲೆಕ್ಕದಲ್ಲಿ ಫೇಲಾಗಿ ಮನೆಗೆ ಬರದೆ ಸಂಜೆವರೆಗೂ ಮರದ ಮೇಲೆ ಕೂತಿದ್ದ" ಅಂದುಬಿಟ್ಟರು. ಮಗಳ ಕೈ ತಟ್ಟೆಯಲ್ಲೇ ನಿಂತಿತು. "ಅಪ್ಪಾ, ನೀನು ಫೇಲಾಗಿದ್ಯಾ?" ತಂದೆ ಮೊದಲು ತಮ್ಮ ಅಮ್ಮನನ್ನು ನೋಡಿದರು, ಆಮೇಲೆ ಪೂರ್ತಿ ಕಥೆ ಹೇಳಿದರು. ಮರ ಯಾವುದು, ಯಾರು ಬಂದು ಕರೆದರು, ಮನೆಗೆ ಹೋದ ಮೇಲೆ ಏನಾಯಿತು. ಇಪ್ಪತ್ತು ನಿಮಿಷದ ಊಟ ಅವತ್ತು ಒಂದು ಗಂಟೆ ಆಯಿತು. ತಮ್ಮನೂ ಬಿಡಲಿಲ್ಲ, "ಮರದ ಮೇಲೆ ಏನ್ ತಿಂದ್ರಿ?" ಅಂತ ಹಿಡಿದುಕೊಂಡ.

ಅಮೆರಿಕದ ಎಮರಿ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರಾದ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫಿವುಶ್ ಮಕ್ಕಳಿಗೆ ಮನೆತನದ ಬಗ್ಗೆ 20 ಪ್ರಶ್ನೆ ಕೇಳುವ ಒಂದು ಪಟ್ಟಿ ಮಾಡಿದ್ದರು. ಅಜ್ಜ ಅಜ್ಜಿ ಎಲ್ಲಿ ಬೆಳೆದರು, ಅಪ್ಪ ಅಮ್ಮ ಹೇಗೆ ಪರಿಚಯವಾದರು, ಇಂಥವು. ಉತ್ತರ ಜಾಸ್ತಿ ಗೊತ್ತಿದ್ದ ಮಕ್ಕಳಲ್ಲಿ ತಮ್ಮ ಬಗ್ಗೆ ಭರವಸೆಯೂ ಜಾಸ್ತಿ ಇತ್ತು. ಉತ್ತರ ಬಾಯಿಪಾಠ ಮಾಡಿಸಿದರೆ ಏನೂ ಆಗುವುದಿಲ್ಲ. ಅಂಥ ಕಥೆಗಳು ಬಂದುಹೋಗುವ ಬಿಡುವು ಮನೆಯಲ್ಲಿ ಇದೆ ಅನ್ನುವುದೇ ಮುಖ್ಯ. ಚಿಕ್ಕವನಿಗೆ ಇನ್ನೊಂದು ಲಾಭ. ಮಕ್ಕಳ ಭಾಷಾ ಕಲಿಕೆಯ ಸಂಶೋಧಕಿ ಕ್ಯಾಥರೀನ್ ಸ್ನೋ ಮತ್ತು ಸಂಗಡಿಗರು ತೋರಿಸಿದ ಪ್ರಕಾರ, ಊಟದ ಹೊತ್ತಿನ ಹರಟೆಯಲ್ಲಿ ಪುಟ್ಟ ಮಕ್ಕಳ ಕಿವಿಗೆ ಅಪರೂಪದ ಪದಗಳು ಬಿದ್ದಷ್ಟೂ ಮುಂದೆ ಶಾಲೆಯಲ್ಲಿ ಅವರ ಪದಸಂಪತ್ತು ಹೆಚ್ಚು. ಅಜ್ಜಿಯ ಮಾತಿನಲ್ಲಿ ಅವಕ್ಕೆ ಬರವಿಲ್ಲ. ಇವನೋ, ಪ್ರತಿಯೊಂದಕ್ಕೂ ಹಾಗಂದ್ರೇನು ಅಂತ ಕೇಳುವವನು.

ಮಗಳು ಬಾಯಿ ಬಿಟ್ಟದ್ದು ಮೇಜಿನಲ್ಲಲ್ಲ. ಮರದ ಕಥೆಯಾಗಿ ಕೆಲವು ದಿನದ ನಂತರ, ತಟ್ಟೆ ಒರೆಸುತ್ತಾ ಅಪ್ಪನ ಪಕ್ಕ ನಿಂತಾಗ. ತರಗತಿಯಲ್ಲಿ ಗೆಳತಿಯರ ಗುಂಪು ಅವಳನ್ನು ಹೊರಗಿಟ್ಟಿತ್ತು, ಮೈಕಟ್ಟಿನ ಬಗ್ಗೆ ಆಡಿಕೊಂಡಿತ್ತು. ಊಟ ಬಿಡಲು ಶುರು ಮಾಡಿದ್ದು ಆಗಿನಿಂದ. ಇಷ್ಟು ತಿಂಗಳು ಅಜ್ಜಿ ಪ್ರೀತಿಯಿಂದಲೇ "ಕಡ್ಡಿ ಹಾಗಾಗಿದ್ದೀಯ" ಅಂದಾಗ ಆ ಹುಡುಗಿಗೆ ಅದು ಮೆಚ್ಚುಗೆಯಾಗಿ ಕೇಳಿಸುತ್ತಿತ್ತು. ತಟ್ಟೆಯ ಬಗ್ಗೆ, ಮೈಯ ಬಗ್ಗೆ ಊಟದ ಹೊತ್ತಿನಲ್ಲಿ ಒಂದು ಮಾತೂ ಬೇಡ ಅಂತ ನಾನು ಹಟ ಹಿಡಿಯುವುದು ಇದಕ್ಕೇ. ಒಳ್ಳೆಯದಕ್ಕೆ ಹೇಳಿದ್ದು ಆ ಕಡೆ ಏನಾಗಿ ಇಳಿಯುತ್ತದೆ ಅಂತ ಹೇಳಿದವರಿಗೆ ತಿಳಿಯುವುದೇ ಇಲ್ಲ.

ಅಡುಗೆ ಯಾರದು?

ಸುಮಾರು ಮೂರನೇ ವಾರ ತಾಯಿ ಒಬ್ಬರೇ ಬಂದು ಹೇಳಿದರು: "ಎಲ್ಲರಿಗೂ ಚೆನ್ನಾಗಾಗ್ತಿದೆ. ನನಗೆ ಸುಸ್ತಾಗ್ತಿದೆ." ಎಲ್ಲರೂ ಒಟ್ಟಿಗೆ ಕೂರುತ್ತಾರಲ್ಲ ಅಂತ ಅವರು ಮೂರು ನಾಲ್ಕು ಬಗೆ ಮಾಡತೊಡಗಿದ್ದರು. ಬಡಿಸಲು ಎದ್ದು ಕೂತು, ಎದ್ದು ಕೂತು, ಅವರ ಊಟ ಮಾತ್ರ ಮೊದಲಿನ ಹಾಗೇ ಕೊನೆಗೆ.

ಒಟ್ಟಿಗೆ ಊಟ ಮಾಡುವುದನ್ನು ಹೊಗಳಿ ಬರೆಯುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಭಾಗ ಇದು. 2014ರಲ್ಲಿ ಸಮಾಜಶಾಸ್ತ್ರಜ್ಞೆ ಸಾರಾ ಬೋವೆನ್ ಮತ್ತು ಜೊತೆಯವರು ಅಮೆರಿಕದ ನಾರ್ತ್ ಕೆರೊಲಿನಾದ ಸುಮಾರು 150 ತಾಯಂದಿರ ಜೊತೆ ಮಾತಾಡಿ ಬರೆದದ್ದೂ ಇದನ್ನೇ. ಮನೆ ಅಡುಗೆಯ ಆದರ್ಶದ ಭಾರವೆಲ್ಲ ಬಂದು ಬೀಳುವುದು ತಾಯಂದಿರ ಮೇಲೆ. ಒಬ್ಬರನ್ನು ಹಿಂಡಿ ನಾಲ್ವರು ಒಟ್ಟಿಗೆ ಉಣ್ಣುವುದನ್ನು ಮನೆಮಂದಿಯ ಊಟ ಅಂತ ಕರೆಯಲು ನನಗೆ ಮನಸ್ಸಿಲ್ಲ.

ಹಾಗಾಗಿ ಏರ್ಪಾಡು ಬದಲಾಯಿತು. ಒಂದು ಊಟಕ್ಕೆ ಒಂದೇ ಬಗೆ, ಜೊತೆಗೆ ಹಣ್ಣು. ಪಾತ್ರೆಯೆಲ್ಲ ಮೇಜಿನ ಮೇಲೇ, ಯಾರಿಗೆ ಬೇಕೋ ಅವರೇ ಹಾಕಿಕೊಳ್ಳಬೇಕು. ಒಮ್ಮೆ ಕೂತ ಮೇಲೆ ಅಮ್ಮ ಏಳುವ ಹಾಗಿಲ್ಲ. ಭಾನುವಾರದ ಅಡುಗೆ ಅಪ್ಪನದು, ಹಣ್ಣು ಹೆಚ್ಚುವುದು ಮಗಳದು, ನೀರು ಮತ್ತು ಲೋಟ ಮಗನದು. ಅಪ್ಪನ ಅಡುಗೆ ಮೊದಮೊದಲು ಒಂದಿಷ್ಟು ಹೊತ್ತಿತು, ಎಲ್ಲರೂ ತಿಂದರು.

ಆರು ತಿಂಗಳ ಮೇಲೆ

ಮಗಳು ದಿನಕ್ಕೊಂದು ಹೊತ್ತಾದರೂ ಯಾರ ಜೊತೆಗಾದರೂ ಕೂತು ತಿನ್ನುತ್ತಾಳೆ. ತೂಕ ಹಳೆಯ ಮಟ್ಟಕ್ಕೆ ಬಂದಿದೆ. ಗೆಳತಿಯರ ವಿಷಯವನ್ನು ತಂದೆ ತಾಯಿ ಶಾಲೆಯ ಜೊತೆ ಮಾತಾಡಿದರು. ಅದು ಪೂರ್ತಿ ಬಗೆಹರಿದಿಲ್ಲ, ಅವಳು ನನ್ನ ಹತ್ತಿರ ಬರುವುದನ್ನು ಮುಂದುವರಿಸಿದ್ದಾಳೆ. ಅಂಕ ಹೆಚ್ಚೇನೂ ಏರಿಲ್ಲ. ಶನಿವಾರದ ಹದಿನೈದು ನಿಮಿಷ ನಡೆಯುತ್ತಿದೆ, ಒಂದೊಂದು ವಾರ ಮುನಿಸಿನಲ್ಲೇ ಮುಗಿಯುತ್ತದೆ. ಮಗ ಉಳಿದ ದಿನಗಳಲ್ಲಿ ಇನ್ನೂ ಕಾರ್ಟೂನ್ ಕೇಳುತ್ತಾನೆ.

ಇದೇ ಕ್ರಮವನ್ನು ಎಲ್ಲ ಮನೆಗೂ ನಾನು ಹೇಳುವುದಿಲ್ಲ. ಹೊಡೆತ ಬಡಿತ, ಕುಡಿತ, ಹೆದರಿಕೆ ಇರುವ ಕಡೆ ಎಲ್ಲರನ್ನೂ ಒಂದೇ ಮೇಜಿಗೆ ಕೂರಿಸುವುದು ಮಗುವಿನ ತಪ್ಪಿಸಿಕೊಳ್ಳುವ ದಾರಿ ಮುಚ್ಚಿದ ಹಾಗೆ. ಅಲ್ಲಿ ಮೊದಲು ಬೇಕಾದದ್ದು ರಕ್ಷಣೆ. ಇನ್ನು ಒಬ್ಬರೇ ಮಗುವನ್ನು ಬೆಳೆಸುವವರು, ರಾತ್ರಿ ಪಾಳಿಯವರು ಎಲ್ಲರೂ ಸೇರಲು ಆಗುವುದಿಲ್ಲ ಅಂತ ಕೊರಗುತ್ತಾರೆ. ಎಲ್ಲರೂ ಅಂದರೆ ಇಬ್ಬರೂ ಆಗಬಹುದು, ಊಟ ಅಂದರೆ ಸಂಜೆಯ ಹಣ್ಣೂ ಆಗಬಹುದು. ವಾರದಲ್ಲಿ ಯಾವ ಹೊತ್ತು ಅಂತ ಮಗುವಿಗೆ ಮೊದಲೇ ಗೊತ್ತಿರಬೇಕು, ಅಷ್ಟೇ.

ಈಗ ತಾಯಿಯ ಪಾಳಿ ಮತ್ತೆ ಬದಲಾಗಿದೆ. ಎರಡು ಬೆಳಗಿನ ತಿಂಡಿ ಹೊಂದಿಕೆಯಾಗುವುದಿಲ್ಲ. ಈ ಸಲ ಹೊಸ ಹೊತ್ತು ಗೊತ್ತು ಮಾಡಲು ಅವರು ನನ್ನನ್ನು ಕೇಳಲಿಲ್ಲ. ಮಗಳು ಪಾಳಿ ಪಟ್ಟಿ ತಗೊಂಡು ಬುಧವಾರ ಮತ್ತು ಶುಕ್ರವಾರದ ರಾತ್ರಿ ಅಂತ ಬರೆದು ಫ್ರಿಜ್ಜಿಗೆ ಅಂಟಿಸಿದ್ದಾಳೆ. ಅಪ್ಪ ಆ ಎರಡು ದಿನ ಕಚೇರಿಯಿಂದ ಬೇಗ ಹೊರಡುವುದಕ್ಕೆ ಅನುಮತಿ ಕೇಳಿದ್ದಾರೆ, ಬುಧವಾರದ್ದು ಸಿಕ್ಕಿದೆ.